ಎಣ್ಣೆ ಹಚ್ಚಿಟ್ಟರೂ ತುಕ್ಕು: ಬೀದರಿನ ಎಂಟು ಕ್ಷೌರಗತ್ತಿಗಳ ಪ್ರಕರಣ

ಬೀದರಿನ ಹಳೆಯ ಊರಿನಲ್ಲಿ ಮೂರು ತಲೆಮಾರಿನಿಂದ ಕ್ಷೌರದ ಅಂಗಡಿ ನಡೆಸಿಕೊಂಡು ಬಂದಿರುವ ಒಂದು ಕುಟುಂಬದವರು ತಮ್ಮ ಎಂಟು ಹಳೆಯ ಕ್ಷೌರಗತ್ತಿಗಳನ್ನು ನನಗೆ ತಂದು ತೋರಿಸಿದ್ದರು. ಅವುಗಳಿಗೆ ತುಕ್ಕು ಏಕೆ ಹಿಡಿಯಿತು, ಉಳಿದದ್ದನ್ನು ಹೇಗೆ ಕಾಪಾಡಬೇಕು ಎಂಬುದಷ್ಟೇ ಅವರ ಪ್ರಶ್ನೆಯಾಗಿತ್ತು. ಪ್ರಶ್ನೆ ಸರಳವಾಗಿದ್ದರೂ ಕತ್ತಿಗಳ ಸ್ಥಿತಿ ಸರಳವಾಗಿರಲಿಲ್ಲ. ಒಳ್ಳೆಯವೆಂದು ಆರಿಸಿದ ನಾಲ್ಕು ಕತ್ತಿಗಳಿಗೆ ಮಗ ಹೊಲಿಗೆ ಯಂತ್ರದ ಎಣ್ಣೆ ಸವರಿ, ಬಿಗಿ ಮುಚ್ಚಳದ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. ಉಳಿದ ನಾಲ್ಕು ತಂದೆಯ ಹಳೆಯ ಹಡಪದಲ್ಲಿಯೇ, ಅಂದರೆ ಕ್ಷೌರದ ಸಾಮಾನಿನ ಚೀಲದಲ್ಲಿ, ಯಾರೂ ವಿಚಾರಿಸದೆ ಬಿದ್ದಿದ್ದವು. ಜೋಪಾನವಾಗಿ ಇಟ್ಟವೇ ಹೆಚ್ಚು ಕೆಟ್ಟಿದ್ದವು. "ಎಣ್ಣಿ ಹಚ್ಚೇ ಇಟ್ಟಿದ್ವಿರಿ ಸರ, ಆದ್ರೂ ಜಂಗ್ ಹಿಡಿದದ" ಎಂಬ ಮಗನ ಮಾತಿನಲ್ಲಿ ದೂರಿಗಿಂತ ಗೊಂದಲವೇ ಹೆಚ್ಚಾಗಿತ್ತು. ಡಬ್ಬಿ ಮತ್ತು ಹಡಪ ಎರಡೂ ಒಂದೇ ಅಲಮಾರಿಯಲ್ಲಿ ಇದ್ದುದರಿಂದ ಹವೆಯನ್ನು ಮಾತ್ರ ದೂರಿ ಪ್ರಕರಣವನ್ನು ಮುಗಿಸುವಂತಿರಲಿಲ್ಲ.

1990ರ ದಶಕದಲ್ಲಿ ಏಡ್ಸ್ ಬಗೆಗಿನ ತಿಳಿವಳಿಕೆ ಹರಡಿ, ಗಿರಾಕಿಗೊಂದು ಹೊಸ ಬ್ಲೇಡು ಮುರಿದು ಹಾಕುವ ಪದ್ಧತಿ ಅಂಗಡಿಗಳಲ್ಲಿ ನೆಲೆಗೊಂಡ ಮೇಲೆ ಮಸೆಯುವ ಕತ್ತಿಗಳಿಗೆ ಕೆಲಸ ಇಲ್ಲವಾಯಿತು. ಈ ಅಂಗಡಿಯಲ್ಲಿಯೂ ಹಾಗೆಯೇ ಆಗಿದೆ. ಪ್ರತಿದಿನ ಪಟ್ಟಾಕ್ಕೆ (ಬಾಯಿಯನ್ನು ಹದಗೊಳಿಸುವ ಚರ್ಮದ ಪಟ್ಟಿಗೆ) ಉಜ್ಜಿಸಿಕೊಂಡು, ಒರೆಸಿಸಿಕೊಂಡು, ಮರುದಿನ ಮತ್ತೆ ಹೊರಬರುತ್ತಿದ್ದ ಕತ್ತಿಗೆ ತುಕ್ಕು ಹಿಡಿಯಲು ಬಿಡುವೇ ಇರುತ್ತಿರಲಿಲ್ಲ. ಕೆಲಸವಿಲ್ಲದೆ ವರ್ಷಗಟ್ಟಲೆ ಮಲಗಿದ ಕತ್ತಿಯದು ಬೇರೆಯೇ ಸಮಸ್ಯೆ. ಬಳಕೆಯ ಕಾಲದ ಅಭ್ಯಾಸಗಳು ಅಲ್ಲಿ ಅರ್ಧದಷ್ಟು ಮಾತ್ರ ಕೆಲಸಕ್ಕೆ ಬರುತ್ತವೆ.

ಎಂಟು ಕತ್ತಿಗಳಲ್ಲಿ ಎರಡರ ಬುಡದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಮುದ್ರೆ, ನಾಲ್ಕರಲ್ಲಿ ಜರ್ಮನಿಯ ಸೋಲಿಂಗೆನ್ನಿನ ಮುದ್ರೆ ಇತ್ತು. ಎರಡಕ್ಕೆ ಯಾವ ಮುದ್ರೆಯೂ ಇರಲಿಲ್ಲ. ಎಲ್ಲವೂ ಶೇಕಡಾ ಒಂದರ ಆಸುಪಾಸು ಇಂಗಾಲವಿರುವ ಸಾದಾ ಉಕ್ಕಿನವು. ಈ ಉಕ್ಕು ಗಡುಸಾಗಿ, ಸೂಕ್ಷ್ಮವಾದ ಬಾಯಿಯನ್ನು ಹಿಡಿದುಕೊಳ್ಳುತ್ತದೆ, ಆದರೆ ತುಕ್ಕನ್ನು ತಡೆಯುವ ಗುಣ ಅದಕ್ಕಿಲ್ಲ. ಆ ಗುಣ ಬರಬೇಕಾದರೆ ಉಕ್ಕಿನಲ್ಲಿ ಕನಿಷ್ಠ ಶೇಕಡಾ 10.5ರಷ್ಟು ಕ್ರೋಮಿಯಂ ಇರಬೇಕು. ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞ 1913ರಲ್ಲಿ ಅಂಥ ಉಕ್ಕನ್ನು ಕಂಡುಕೊಂಡದ್ದು ಇದೇ ಶೆಫೀಲ್ಡ್‌ನಲ್ಲಿ; ನಮ್ಮ ಮುಂದಿದ್ದ ಕತ್ತಿಗಳಿಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಕ್ಷೌರಗತ್ತಿಯ ಇನ್ನೊಂದು ದೌರ್ಬಲ್ಯ ಅದರ ಆಕಾರದಲ್ಲಿಯೇ ಇದೆ. ಬೆನ್ನು ದಪ್ಪವಾಗಿದ್ದು, ಎರಡೂ ಮೈ ಒಳಕ್ಕೆ ಕೊರೆದಂತೆ ಸಾಗಿ, ಬಾಯಿಯ ಹತ್ತಿರ ಉಕ್ಕು ಕಾಗದಕ್ಕಿಂತ ತೆಳುವಾಗುತ್ತದೆ. ಮಸೆದ ಬಾಯಿಯ ತುದಿಯಂತೂ ಒಂದು ಮೈಕ್ರೋಮೀಟರಿಗಿಂತ ಕಿರಿದು. ಬೆನ್ನಿನ ಮೇಲಾಗಿದ್ದರೆ ಬರಿಯ ಕಲೆಯಾಗಿ ಉಳಿಯುತ್ತಿದ್ದ ತುಕ್ಕು ಬಾಯಿಯ ಮೇಲಾದಾಗ ಕಣ್ಣಿಗೆ ಕಾಣುವ ಮೊದಲೇ ಹರಿತವನ್ನು ತಿಂದುಹಾಕಿರುತ್ತದೆ.

ಕತ್ತಿಗಳಿದ್ದ ಜಾಗದ ವಿಚಾರವನ್ನೂ ಹೇಳಬೇಕು. ಮನೆ ಹಳೆಯದು, ಗೋಡೆಗಳು ಜಂಬಿಟ್ಟಿಗೆ ಕಲ್ಲಿನವು. ಬೀದರಿನ ಕೋಟೆಯೂ ಊರೂ ನಿಂತಿರುವ ನೆಲವೇ ಈ ಕಲ್ಲಿನದು. ಅದರ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನಿಂದ ಬಂದದ್ದು, ಅಂದರೆ ತುಕ್ಕಿನ ಹತ್ತಿರದ ಸಂಬಂಧಿಯಿಂದ. ರಂಧ್ರಗಳು ತುಂಬಿದ ಈ ಕಲ್ಲು ಮಳೆಗಾಲದಲ್ಲಿ ನೀರನ್ನು ಕುಡಿದು ನಿಧಾನವಾಗಿ ಬಿಡುತ್ತದೆ. ಅಲಮಾರಿಯನ್ನು ಹೊರಗೋಡೆಯಲ್ಲಿಯೇ ಕೊರೆದು ಮಾಡಿದ್ದರಿಂದ ಅದರ ಹಿಂಬದಿ ಸದಾ ತಂಪಾಗಿರುತ್ತಿತ್ತು. ಆಗಸ್ಟಿನ ಒಂದು ಮುಂಜಾನೆ ಕೋಣೆಯ ನಡುವೆ ಆರ್ದ್ರತೆ ಶೇಕಡಾ 68 ಇದ್ದಾಗ ಅಲಮಾರಿಯ ಒಳಗೆ ಇಟ್ಟ ಮಾಪಕ 81 ತೋರಿಸಿತು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 60ನ್ನು ದಾಟಿದ ಮೇಲೆ ಸಾದಾ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದ ನೀರಿನ ಪೊರೆ ಕೂತು ತುಕ್ಕಿನ ವೇಗ ಏರುತ್ತದೆ. ಬೆವರಿನ ಉಪ್ಪು ಮೆತ್ತಿದ್ದರೆ ಅದಕ್ಕಿಂತ ಕಡಿಮೆಯಲ್ಲಿಯೇ ಶುರುವಾಗುತ್ತದೆ. ಈ ಲೆಕ್ಕದಲ್ಲಿ ಅಲಮಾರಿ ಕತ್ತಿ ಇಡುವ ಜಾಗವೇ ಅಲ್ಲ. ಆದರೂ ಅದೇ ಅಲಮಾರಿಯಲ್ಲಿದ್ದ ಒಂದು ಕತ್ತಿಗೆ ಚುಕ್ಕೆಯಷ್ಟೂ ತುಕ್ಕು ಇರಲಿಲ್ಲ.

ತುಕ್ಕಿನ ನಕಾಶೆ

ಕತ್ತಿಗಳನ್ನು ಒರೆಸುವ ಮೊದಲು, ಇದ್ದ ಸ್ಥಿತಿಯಲ್ಲಿಯೇ, ಡಬ್ಬಿಯಲ್ಲಿ ಮತ್ತು ಹಡಪದಲ್ಲಿ ಯಾವ ಕ್ರಮದಲ್ಲಿ ಇದ್ದವೋ ಅದೇ ಕ್ರಮದಲ್ಲಿ ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟು ನೋಡಿದೆವು. ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ತಿಕ್ಕಲು ಕೂರುವುದು ಸಾಮಾನ್ಯ. ಹಾಗೆ ಮಾಡಿದವರಿಗೆ ತುಕ್ಕು ಹೋಗುತ್ತದೆ, ಕಾರಣವೂ ಅದರ ಜೊತೆಗೆ ಹೋಗುತ್ತದೆ. ತುಕ್ಕು ಎಲ್ಲಿದೆ ಎನ್ನುವುದಕ್ಕಿಂತ ಎಲ್ಲಿ ಇಲ್ಲ ಎನ್ನುವುದು ಇಲ್ಲಿ ಹೆಚ್ಚು ತಿಳಿಸಿತು.

ಡಬ್ಬಿಯ ನಾಲ್ಕರಲ್ಲಿ ಎರಡು ಸೋಲಿಂಗೆನ್ ಕತ್ತಿಗಳಿಗೆ ಜೇನಿನ ಬಣ್ಣದ, ಬೆಳಕು ತೂರುವ ಹಿಡಿಗಳಿದ್ದವು. ಈ ಎರಡರಲ್ಲಿ ಅಲಗಿನ ತುಕ್ಕು ಒಂದು ಗಡಿ ಹಾಕಿಕೊಂಡಂತೆ ಇತ್ತು: ಕತ್ತಿಯನ್ನು ಮಡಿಸಿದಾಗ ಹಿಡಿಯ ಎರಡು ಪಕ್ಕೆಗಳ ನಡುವೆ ಅಡಗುವ ಭಾಗ, ಅಂದರೆ ಬಾಯಿ ಮತ್ತು ಅದರ ಮೇಲಿನ ಮೈ, ಕೆಂಪು ಕಪ್ಪಾಗಿ ಕೊರೆದುಹೋಗಿತ್ತು, ಹೊರಗೆ ಚಾಚಿಕೊಳ್ಳುವ ಬಾಲ ಮತ್ತು ಬೆನ್ನು ಹೆಚ್ಚುಕಡಿಮೆ ಹೊಳೆಯುತ್ತಿದ್ದವು. ಬರಿಯ ತೇವದಿಂದ ಬಂದ ತುಕ್ಕಾಗಿದ್ದರೆ ಬಾಲವನ್ನು ಬಿಡಲು ಅದಕ್ಕೆ ಕಾರಣವಿರಲಿಲ್ಲ. ಬೆಳಕಿಗೆ ಹಿಡಿದು ನೋಡಿದಾಗ ಹಿಡಿಯ ಒಳಗೆ, ಕೀಲಿನ ಹತ್ತಿರ, ಸಕ್ಕರೆ ಹರಳಿನಂಥ ಚೌಕ ಚೌಕ ಬಿರುಕುಗಳು ಕಂಡವು. ಆ ಜಾಗದಲ್ಲಿ ಮೇಲ್ಮೈ ಬೆರಳಿಗೆ ಅಂಟುತ್ತಿತ್ತು. ಹಿತ್ತಾಳೆಯ ಕೀಲಿನ ಸುತ್ತ ಹಸಿರು ಕಿಲುಬು ಕಟ್ಟಿತ್ತು. ಮುಚ್ಚಳ ತೆಗೆದ ಕೂಡಲೇ ಬಂದ ವಾಸನೆ ಕರ್ಪೂರದ್ದು, ಆದರೆ ಮೂಗಿಗೆ ಚುಚ್ಚುವ ಒಂದು ಘಾಟು ಅದರ ಜೊತೆಗಿತ್ತು. ಅದೇ ಡಬ್ಬಿಯಲ್ಲಿದ್ದ ಕೊಂಬಿನ ಹಿಡಿಯ ಶೆಫೀಲ್ಡ್ ಕತ್ತಿಯಲ್ಲಿ ತುಕ್ಕು ಒಂದೇ ಮಗ್ಗುಲಲ್ಲಿ ಇತ್ತು, ಜೇನುಬಣ್ಣದ ಹಿಡಿಗೆ ತಾಗಿಕೊಂಡು ಮಲಗಿದ್ದ ಮಗ್ಗುಲಲ್ಲಿ. ಡಬ್ಬಿಯ ಮೂಲೆಯಲ್ಲಿದ್ದ ಸಣ್ಣ ಕತ್ತರಿಯ ಕಥೆಯೂ ಅದೇ.

ಆ ಹಿಡಿಗಳು ಸೆಲ್ಯುಲಾಯ್ಡಿನವು. ದಂತ ಮತ್ತು ಆಮೆಯ ಚಿಪ್ಪಿನ ಬದಲಿಗೆ 1870ರ ದಶಕದಿಂದ ಬಳಕೆಗೆ ಬಂದ ಈ ಪ್ಲಾಸ್ಟಿಕ್ಕನ್ನು ನೈಟ್ರೋಸೆಲ್ಯುಲೋಸಿಗೆ ಕರ್ಪೂರ ಬೆರೆಸಿ ಮಾಡುತ್ತಿದ್ದರು. ವರ್ಷಗಳು ಕಳೆದಂತೆ, ಮುಖ್ಯವಾಗಿ ಸೆಕೆಯಲ್ಲಿ, ಅದು ಒಡೆಯತೊಡಗಿ ನೈಟ್ರೋಜನ್ ಆಕ್ಸೈಡುಗಳನ್ನು ಬಿಡುತ್ತದೆ. ಅವು ಗಾಳಿಯ ತೇವದೊಂದಿಗೆ ಸೇರಿ ನೈಟ್ರಿಕ್ ಆಮ್ಲವಾಗುತ್ತವೆ. ಆಮ್ಲ ಪಕ್ಕದ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ, ಸೆಲ್ಯುಲಾಯ್ಡ್ ಇನ್ನಷ್ಟು ಬೇಗ ಒಡೆಯುವಂತೆಯೂ ಮಾಡುತ್ತದೆ. ಅನಿಲ ಹೊರಹೋಗಲು ದಾರಿ ಇಲ್ಲದಿದ್ದರೆ ಈ ಸುತ್ತು ತನ್ನಷ್ಟಕ್ಕೆ ತಾನೇ ಬಿರುಸಾಗುತ್ತದೆ. ವಿಚಾರಿಸಿದಾಗ, ಅಲಮಾರಿಗೆ ಬರುವ ಮೊದಲು ಈ ಡಬ್ಬಿ ತಗಡಿನ ಚಾವಣಿಯ ಕೆಳಗಿನ ಅಟ್ಟದಲ್ಲಿ ಹಲವು ಬೇಸಿಗೆಗಳನ್ನು ಕಳೆದಿತ್ತೆಂದು ತಿಳಿಯಿತು. ಏಪ್ರಿಲ್, ಮೇ ತಿಂಗಳ ಬೀದರಿನ ಬಿಸಿಲಿನಲ್ಲಿ ತಗಡಿನ ಕೆಳಗಿನ ಅಟ್ಟ ಹೇಗಿರುತ್ತದೆ ಎಂಬುದನ್ನು ಈ ಭಾಗದವರಿಗೆ ವಿವರಿಸಬೇಕಾಗಿಲ್ಲ.

ಹೀಗಾಗಿ ಬಿಗಿ ಮುಚ್ಚಳವೇ ಇಲ್ಲಿ ಎರಡು ಬಗೆಯಲ್ಲಿ ಕೇಡು ಮಾಡಿತ್ತು: ಮಳೆಗಾಲದಲ್ಲಿ ಮುಚ್ಚಿದಾಗ ಆ ದಿನದ ಒದ್ದೆ ಗಾಳಿಯನ್ನು ಒಳಗೆ ಕೂಡಿಹಾಕಿತ್ತು, ಹಿಡಿಗಳಿಂದ ಹೊರಟ ಆಮ್ಲದ ಹಬೆಯನ್ನು ಹೊರಗೆ ಬಿಡದೆ ಹಿಡಿದಿಟ್ಟಿತ್ತು. ಎಣ್ಣೆಯ ತೆಳು ಪೊರೆ ನೀರನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಆಮ್ಲದ ಹಬೆಯನ್ನು ಅದು ತಡಮಾಡಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಬಿದರಿ ಕೆಲಸದವರು ನವಸಾಗರಕ್ಕೆ ಕೋಟೆಯ ಹಳೆಯ ಮಣ್ಣನ್ನು ಬೆರೆಸಿ, ಸತುವಿನ ಪಾತ್ರೆಯನ್ನು ಬೇಕೆಂದೇ ಕಪ್ಪಾಗಿಸುವ ಊರು ಇದು. ಲೋಹದ ಬಣ್ಣ ಅದರ ಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ ಎಂಬ ಮಾತನ್ನು ಮನೆಯ ಹಿರಿಯರಿಗೆ ಒಪ್ಪಿಸುವುದು ಅದರಿಂದ ಕಷ್ಟವಾಗಲಿಲ್ಲ.

ಡಬ್ಬಿಯ ನಾಲ್ಕನೆಯ ಕತ್ತಿಯದೂ ಸೆಲ್ಯುಲಾಯ್ಡ್ ಹಿಡಿಯೇ, ಆದರೆ ದಂತದಂಥ ಅಪಾರದರ್ಶಕ ಬಿಳಿ. ಅದರಲ್ಲಿ ಬಿರುಕು, ಜಿಗುಟು ಯಾವುದೂ ಇರಲಿಲ್ಲ. ಅಲಗಿನ ಮೇಲೆ ಒಂದೆರಡು ಕಡೆ ಮಾತ್ರ ಹಗುರವಾದ ಕೆಂಪು ಇತ್ತು. ಬಿಳಿ ಬಣ್ಣಕ್ಕೆ ಹಾಕುತ್ತಿದ್ದ ಸತುವಿನ ಆಕ್ಸೈಡು ಹುಟ್ಟಿದ ಆಮ್ಲವನ್ನು ಅಲ್ಲಲ್ಲಿಯೇ ನುಂಗಿಕೊಳ್ಳುವುದರಿಂದ ಈ ಬಗೆಯ ಹಿಡಿಗಳು ಬೆಳಕು ತೂರುವ ಹಿಡಿಗಳಿಗಿಂತ ಹೆಚ್ಚು ಕಾಲ ಬಾಳುತ್ತವೆ.

ಹಡಪದ ನಾಲ್ಕರ ವಿಚಾರ ಇಷ್ಟು ಗಂಭೀರವಲ್ಲ, ಆದರೆ ಬಗೆಬಗೆಯದು. ಎರಡನೆಯ ಶೆಫೀಲ್ಡ್ ಕತ್ತಿಯನ್ನು ಹಿರಿಯರು ಕುಸುಬಿ ಎಣ್ಣೆಯಲ್ಲಿ ಅದ್ದಿದ ಧೋತರದ ಚೂರಿನಲ್ಲಿ ಸುತ್ತಿದ್ದರು. ಬಟ್ಟೆ ಅಲಗಿಗೆ ಅಂಟಿಕೊಂಡು, ಬಿಡಿಸಿದಾಗ ಅದರ ನೇಯ್ಗೆಯ ಅಚ್ಚು ಸಮೇತ ಕಂದು ಬಣ್ಣದ ಗಟ್ಟಿ ಪದರ ಉಳಿಯಿತು. ಬೀದರ್, ಕಲಬುರಗಿಯ ಹೊಲಗಳಲ್ಲಿ ಬೆಳೆಯುವ ಕುಸುಬಿಯ ಎಣ್ಣೆ ಅಡುಗೆಗೆ ಚೆನ್ನ. ಆದರೆ ಗಾಳಿಯ ಆಮ್ಲಜನಕ ತಗುಲಿ ಒಣಗಿ ಗಟ್ಟಿಯಾಗುವ ಗುಣ ಅದಕ್ಕಿದೆ, ಚಿತ್ರಕಾರರು ಅದನ್ನು ತೈಲವರ್ಣಕ್ಕೆ ಬಳಸುವುದು ಅದೇ ಗುಣಕ್ಕಾಗಿ. ಹೀಗೆ ವಾರ್ನಿಷ್ ಆದ ಪದರ ಅಖಂಡವಾಗಿದ್ದ ಕಡೆ ಉಕ್ಕು ಹೊಸದರಂತೆ ಇತ್ತು, ಪದರ ಬಿರಿದ ಕಡೆ ಅದರ ಅಂಚಿನ ಕೆಳಗೆ ತೇವ ನುಗ್ಗಿ ಕಪ್ಪು ಚುಕ್ಕೆಗಳು ಎದ್ದಿದ್ದವು. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆಗಳನ್ನೂ ನಾನು ದೀರ್ಘಕಾಲದ ಸಂಗ್ರಹಕ್ಕೆ ಒಪ್ಪುವುದಿಲ್ಲ. ಅವು ಕುಸುಬಿಯಷ್ಟು ಬೇಗ ಒಣಗದಿದ್ದರೂ ಕಮಟು ಹಿಡಿಯುತ್ತವೆ, ಕಮಟು ಹಿಡಿದ ಎಣ್ಣೆಯಲ್ಲಿ ಬಿಡುಗಡೆಯಾದ ಆಮ್ಲಗಳಿರುತ್ತವೆ.

ಮುದ್ರೆ ಇಲ್ಲದ ಎರಡರಲ್ಲಿ ಒಂದು ಚರ್ಮದ ಚೀಲದಲ್ಲಿತ್ತು; ಚರ್ಮ ಅಲಗಿಗೆ ತಾಗಿದ್ದ ಗೆರೆಗಳಲ್ಲಿ, ಹೊಲಿಗೆಯ ಗುರುತು ಬಿದ್ದ ಹಾಗೆ, ತುಕ್ಕು ಇತ್ತು. ಚರ್ಮ ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ, ಹದ ಮಾಡುವಾಗ ಸೇರಿದ ಆಮ್ಲ ಅಥವಾ ಲವಣದ ಅಂಶವೂ ಅದರಲ್ಲಿರುತ್ತದೆ. ಇನ್ನೊಂದು ಪಟಿಕದ ಕಲ್ಲಿನ ಪಕ್ಕದಲ್ಲಿಯೇ ಬಿದ್ದಿತ್ತು. ಕ್ಷೌರದ ನಂತರ ಮುಖಕ್ಕೆ ಉಜ್ಜುವ ಆ ಕಲ್ಲಿನ ಪುಡಿ ತೇವದಲ್ಲಿ ಕರಗಿದರೆ ಆಗುವ ನೀರು ಆಮ್ಲೀಯ. ಅಲಗಿನ ಮೇಲೆ ಬಿಳಿ ಪುಡಿ ಕೂತಿದ್ದ ಪ್ರತಿ ಜಾಗದ ಕೆಳಗೂ ಒಂದು ಸಣ್ಣ ಗುಳಿ ಇತ್ತು. ಇದರ ಜೊತೆಗೆ ಪ್ರತಿವರ್ಷ ಖಂಡೇನವಮಿಯಂದು ಹಡಪವನ್ನು ಬಿಚ್ಚಿ, ಕತ್ತಿಗಳನ್ನು ನೀರಿನಲ್ಲಿ ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ ಪೂಜಿಸುವುದು ಮನೆಯ ಪದ್ಧತಿ. ಪೂಜೆಯಾದ ಮೇಲೆ ಕುಂಕುಮವನ್ನು ಒರೆಸದೆ ಹಾಗೆಯೇ ಕಟ್ಟಿಡುತ್ತಿದ್ದರು. ಒದ್ದೆ ಬೆರಳಿನಿಂದ ಇಟ್ಟ ಬೊಟ್ಟಿನ ದುಂಡನೆಯ ಆಕಾರದಲ್ಲಿಯೇ ತುಕ್ಕು ಮೂಡಿದ್ದನ್ನು ಎರಡು ಕತ್ತಿಗಳ ಮೇಲೆ ಕಂಡೆವು.

ತುಕ್ಕು ಮುಟ್ಟದ ಕತ್ತಿ ಯಾವುದೆಂದರೆ, ಕೊಂಬಿನ ಹಿಡಿಯ ನಾಲ್ಕನೆಯ ಸೋಲಿಂಗೆನ್. ಹಿರಿಯರು ಅದನ್ನು ಕೊಂಡು ತಂದ ದಿನದಿಂದ ಬಳಸಿಯೇ ಇರಲಿಲ್ಲ. ಮೈತುಂಬ ವ್ಯಾಸಲಿನ್ ಮೆತ್ತಿ, ಮೇಣದ ಕಾಗದದಲ್ಲಿ ಸುತ್ತಿ, ಅದರ ಮೂಲ ರಟ್ಟಿನ ಪೆಟ್ಟಿಗೆಯಲ್ಲಿಯೇ ಹಡಪದ ತಳಕ್ಕೆ ಸೇರಿಸಿದ್ದರು. ಪೂಜೆಗೂ ಅದು ಹೊರಬರುತ್ತಿರಲಿಲ್ಲ. ಪೆಟ್ರೋಲಿಯಂ ಮೂಲದ ದಪ್ಪ ಪೊರೆ ಒಣಗಲಿಲ್ಲ, ಕಮಟಲಿಲ್ಲ, ಇಳಿದುಹೋಗಲಿಲ್ಲ. ಉಪ್ಪಿನ ಕೈ ಅದಕ್ಕೆ ತಾಗಲೇ ಇಲ್ಲ. ಅಷ್ಟು ಒದ್ದೆಯ ಅಲಮಾರಿಯಲ್ಲಿಯೂ ಇಷ್ಟು ಸಾಕಾಯಿತು.

ಮಾಡಿದ ಕೆಲಸ

ಮೊದಲು ಡಬ್ಬಿಯನ್ನು ಖಾಲಿ ಮಾಡಿ, ಜೇನುಬಣ್ಣದ ಹಿಡಿಗಳ ಎರಡು ಕತ್ತಿಗಳನ್ನು ಉಳಿದವುಗಳಿಂದ ಬೇರ್ಪಡಿಸಿ ಗಾಳಿಯಾಡುವ ಕಡೆ ಇಟ್ಟೆವು. ಈ ಹಿಡಿಗಳನ್ನು ಸರಿಪಡಿಸುವ ದಾರಿ ಇಲ್ಲ. ಒಮ್ಮೆ ಒಡೆಯತೊಡಗಿದ ಸೆಲ್ಯುಲಾಯ್ಡ್ ಮರಳಿ ಗಟ್ಟಿಯಾಗುವುದಿಲ್ಲ. ಹಿಡಿ ತೆಗೆಯಬೇಕೆಂದಾಗ ಹಿರಿಯರಿಗೆ ಮನಸ್ಸಿರಲಿಲ್ಲ. ಅಲಗು ಬೇಕೋ ಹಿಡಿ ಬೇಕೋ ಎಂಬ ಆಯ್ಕೆ ಮಾತ್ರ ಉಳಿದಿದೆ ಎಂದು ನಾನು ಹೇಳಿದ ಮೇಲೆ "ಅಲಗ ಉಳಿಸ್ರಿ" ಎಂದರು. ಕೀಲಿನ ತಲೆಯನ್ನು ಅರದಿಂದ ಉಜ್ಜಿ ಹಿಡಿ ಬಿಚ್ಚಿ, ಅಲಗನ್ನು ಅಡುಗೆ ಸೋಡಾದ ನೀರಿನಲ್ಲಿ ತೊಳೆದು ಆಮ್ಲದ ಉಳಿಕೆಯನ್ನು ತೆಗೆದು, ಕೂಡಲೇ ಒರೆಸಿ, ಕೊನೆಗೆ ಸ್ಪಿರಿಟ್ಟಿನಲ್ಲಿ ಒರೆಸಿ ಒಣಗಿಸಲಾಯಿತು. ನಾಮಫಲಕ ಮಾಡುವ ಅಂಗಡಿಯಿಂದ ತಂದ ಅಕ್ರಿಲಿಕ್ ಹಾಳೆಯ ಚೂರುಗಳನ್ನು ಕೊರೆದು ಹೊಸ ಹಿಡಿ ಮಾಡಿ, 1/16 ಅಂಗುಲದ ಹಿತ್ತಾಳೆ ತಂತಿಯ ಕೀಲು ಹಾಕಲಾಯಿತು. ಅಕ್ರಿಲಿಕ್ ನೋಡಲು ಅಷ್ಟೇನೂ ಚಂದವಲ್ಲ, ಆದರೆ ಅದು ಉಕ್ಕನ್ನು ತಿನ್ನುವ ಯಾವ ಹಬೆಯನ್ನೂ ಬಿಡುವುದಿಲ್ಲ.

ತುಕ್ಕನ್ನು ಅತಿ ನವಿರಾದ ಉಕ್ಕಿನ ಉಣ್ಣೆಗೆ ಎಣ್ಣೆ ಹಾಕಿ, ಬೆನ್ನಿನಿಂದ ಬಾಯಿಯ ಕಡೆಗೆ ಮಾತ್ರ ಒರೆಸುತ್ತ ತೆಗೆದೆವು. ತಂತಿ ಬ್ರಷ್ಷಿನ ಯಂತ್ರವಾಗಲಿ, ತಿರುಗುವ ಸಾಣೆಯಾಗಲಿ ಬೇಡವೆಂದು ನಾನು ಹಟ ಹಿಡಿದೆ. ಅಷ್ಟು ತೆಳುವಾದ ಬಾಯಿ ಕ್ಷಣದಲ್ಲಿ ಕಾದು ತನ್ನ ಗಡಸುತನ ಕಳೆದುಕೊಳ್ಳುತ್ತದೆ, ಕಳೆದುಕೊಂಡದ್ದು ಕಣ್ಣಿಗೆ ಕಾಣುವುದೂ ಇಲ್ಲ. ಹುಣಸೆಹಣ್ಣು, ನಿಂಬೆರಸ ಹಚ್ಚುವ ಸಲಹೆ ಮನೆಯವರಿಂದ ಬಂತು. ಅವುಗಳ ಆಮ್ಲ ತುಕ್ಕನ್ನು ಕರಗಿಸುವುದು ನಿಜ, ಆದರೆ ಗುಳಿಗಳ ತಳದಲ್ಲಿ ಉಳಿದುಕೊಂಡ ಹುಳಿ ಮುಂದಿನ ತುಕ್ಕಿಗೆ ಬೀಜವಾಗುತ್ತದೆ. ಗುಳಿಯೊಳಗಿನ ಕಪ್ಪನ್ನು ಕೆದಕದೆ ಬಿಟ್ಟೆವು. ಬಾಯಿಯ ಮೇಲೆಯೇ ಗುಳಿ ಬಿದ್ದಿದ್ದ ಒಂದು ಅಲಗನ್ನು ಮಾತ್ರ ಸಾಣೆಕಲ್ಲಿನ ಮೇಲೆ ಒಳ್ಳೆಯ ಉಕ್ಕು ಸಿಗುವವರೆಗೆ ಹಿಂದಕ್ಕೆ ಮಸೆಯಬೇಕಾಯಿತು. ಇನ್ನೊಂದರಲ್ಲಿ ಗುಳಿ ಅಷ್ಟು ಆಳಕ್ಕೆ ಹೋಗಿದ್ದರಿಂದ ಅದನ್ನು ನೋಡಲು ಇಡುವ ಕತ್ತಿಯೆಂದು ಒಪ್ಪಿಕೊಂಡೆವು. ಕುಸುಬಿಯ ಗಟ್ಟಿ ಪದರವನ್ನು ಥಿನ್ನರಿನಲ್ಲಿ ಅದ್ದಿದ ಹತ್ತಿಯಿಂದ ನಿಧಾನವಾಗಿ ಬಿಡಿಸಿದ್ದು ಕೊಂಬಿನ ಹಿಡಿಯ ಕತ್ತಿಯಾದ್ದರಿಂದ. ಸೆಲ್ಯುಲಾಯ್ಡ್ ಹಿಡಿಯಿದ್ದಲ್ಲಿ ಥಿನ್ನರ್ ಬಳಸಿದರೆ ಹಿಡಿಯೇ ಕರಗುತ್ತದೆ.

ಹೊಸ ವ್ಯವಸ್ಥೆಯಲ್ಲಿ ಎಂಟಕ್ಕೂ ಒಂದೇ ಪೆಟ್ಟಿಗೆ ಎಂಬ ಯೋಚನೆಯನ್ನು ಕೈಬಿಟ್ಟೆವು. ಕೊಂಬು, ಮರ, ಅಕ್ರಿಲಿಕ್ ಹಿಡಿಯ ಏಳು ಕತ್ತಿಗಳು ಒಂದು ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಒಳಗೋಡೆಯ ಕಪಾಟಿನಲ್ಲಿ ಇವೆ. ಔಷಧದ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಫಿನ್ನನ್ನು ಹತ್ತಿಯಿಂದ ತೆಳುವಾಗಿ ಸವರಿ, ಒಂದೊಂದನ್ನೂ ಬೇರಿಂಗುಗಳನ್ನು ಸುತ್ತಿ ಬರುವ ತುಕ್ಕುನಿರೋಧಕ ಕಾಗದದಲ್ಲಿ ಸುತ್ತಲಾಗಿದೆ. ಆ ಕಾಗದದಿಂದ ಹೊರಡುವ ಹಬೆ ಉಕ್ಕಿನ ಮೇಲೆ ಕೂತು ಕಾಯುತ್ತದೆ, ಆದ್ದರಿಂದ ಪೆಟ್ಟಿಗೆ ಮುಚ್ಚಿರುವುದು ಇಲ್ಲಿ ಅನುಕೂಲವೇ. ಜೊತೆಗೆ ಬಟ್ಟೆಯ ಚೀಲದಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಇದೆ. ಬಣ್ಣ ಬದಲಾದಾಗ ಅದನ್ನು ಓವನ್ನಿನಲ್ಲಿ 110ರಿಂದ 120 ಡಿಗ್ರಿ ಶಾಖದಲ್ಲಿ ಒಂದೆರಡು ಗಂಟೆ ಇಟ್ಟು ಮರಳಿ ಒಣಗಿಸಬೇಕು, ಬಿಸಿಲಿಗೆ ಹರಡಿದರೆ ಸಾಲದು. ಪೆಟ್ಟಿಗೆಯನ್ನು ಒಣಹವೆಯ ದಿನ ತುಂಬಿ ಮುಚ್ಚಬೇಕೆಂದೂ ಹೇಳಿದೆ. ಪಟಿಕ, ಚರ್ಮದ ಚೀಲ, ಪಟ್ಟಾ ಇವು ಹಡಪದಲ್ಲಿಯೇ ಉಳಿದವು.

ಬಿಳಿ ಹಿಡಿಯ ಕತ್ತಿಗೆ ನಿಯಮ ತದ್ವಿರುದ್ಧ. ಅದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬಾರದು, ಬೇರೆ ಲೋಹದ ವಸ್ತುಗಳ ಹತ್ತಿರ ಇಡಬಾರದು, ಬಿಸಿಲು ಮತ್ತು ಬೆಂಕಿಯಿಂದ ದೂರ ಇಡಬೇಕು, ಏಕೆಂದರೆ ಸೆಲ್ಯುಲಾಯ್ಡ್ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಹಿಡಿ ಸೆಲ್ಯುಲಾಯ್ಡೋ ಅಲ್ಲವೋ ಎಂದು ಕಾದ ಸೂಜಿ ಚುಚ್ಚಿ ನೋಡುವವರಿದ್ದಾರೆ. ಆ ಪರೀಕ್ಷೆ ಬೇಡ. ಹೆಬ್ಬೆರಳಿನಿಂದ ಬಿಸಿಯಾಗುವ ತನಕ ತಿಕ್ಕಿ ಮೂಸಿದರೆ ಕರ್ಪೂರದ ವಾಸನೆ ತಿಳಿಯುತ್ತದೆ. ಈ ಕತ್ತಿಯಿಂದ ಮಗ ತಮ್ಮದೇ ಗಡ್ಡ ಹೆರೆದುಕೊಳ್ಳುತ್ತಿರುವುದರಿಂದ ಅದಕ್ಕೆ ಎಣ್ಣೆಗಿಂತ ದಿನದ ಶಿಸ್ತೇ ಮುಖ್ಯ: ತೊಳೆದ ಮೇಲೆ ಅಲಗನ್ನೂ ಹಿಡಿಯ ಒಳಸಂದನ್ನೂ ಒರೆಸಿ, ಬಟ್ಟೆಯ ಪಟ್ಟಿಗೂ ಚರ್ಮದ ಪಟ್ಟಾಕ್ಕೂ ನಾಲ್ಕಾರು ಬಾರಿ ಎಳೆದು ಬಾಯಿಯ ತೇವ ತೆಗೆದು, ತೆರೆದಿಟ್ಟು ಆರಿದ ಮೇಲೆಯೇ ಮಡಿಸುವುದು. ಒದ್ದೆಯಿರುವಾಗ ಮಡಿಸಿದರೆ ಕೀಲಿನ ಸಂದಿಗೆ ಇಳಿದ ನೀರು ಅಲ್ಲಿಯೇ ಉಳಿಯುತ್ತದೆ. ಸ್ನಾನದ ಕೋಣೆಯ ಗೂಡಿನಲ್ಲಂತೂ ಅದನ್ನು ಇಡಬಾರದು.

ಒಂದು ಮಳೆಗಾಲ ಕಳೆದ ಮೇಲೆ ಪೆಟ್ಟಿಗೆಯನ್ನು ತೆರೆದು ನೋಡಿದಾಗ ಏಳರಲ್ಲಿ ಆರು ಇಟ್ಟಂತೆಯೇ ಇದ್ದವು. ಚರ್ಮದ ಚೀಲದಿಂದ ಬಂದ ಕತ್ತಿಯ ಬಾಲದ ಮೇಲೆ ಹೊಸದೊಂದು ತುಕ್ಕಿನ ಗುರುತು ಇತ್ತು, ಬೆರಳಚ್ಚಿನ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿ. ನೆಂಟರೊಬ್ಬರು ನೋಡಲೆಂದು ತೆಗೆದು ಒರೆಸದೆ ಇಟ್ಟಿದ್ದರಂತೆ. ಎಣ್ಣೆಯ ಒತ್ತಿನಿಂದ ಗುರುತು ಹೋಯಿತು. ಈಗ ಮಿರಗದ ಮಳೆಗೆ ಮುನ್ನ ಒಮ್ಮೆ, ಖಂಡೇನವಮಿಯ ಮರುದಿನ ಒಮ್ಮೆ ಒರೆಸಿ ಎಣ್ಣೆ ಹೊಸದಾಗಿ ಸವರುವುದೆಂದು ಗೊತ್ತು ಮಾಡಿಕೊಂಡಿದ್ದಾರೆ. ಪೂಜೆಯ ದಿನ ಕುಂಕುಮವನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚುತ್ತಾರೆ. ಇದು ನನ್ನ ಸಲಹೆಯಲ್ಲ, ಮನೆಯ ಹಿರಿಯರೇ ಕಂಡುಕೊಂಡ ದಾರಿ.

ಬಿಚ್ಚಿದ ಜೇನುಬಣ್ಣದ ಹಿಡಿಗಳನ್ನು ಎಸೆಯಲು ಅವರು ಒಪ್ಪಲಿಲ್ಲ. ಕಾಗದದ ಲಕೋಟೆಯಲ್ಲಿ, ಯಾವ ಲೋಹವೂ ಇಲ್ಲದ ತೆರೆದ ಕಪಾಟಿನಲ್ಲಿ ಇಡಲು ಹೇಳಿದ್ದೇನೆ. ಬಿಳಿ ಹಿಡಿ ಸದ್ಯ ಗಟ್ಟಿಯಾಗಿದೆ. ಬೇಸಿಗೆ ಮುಗಿದ ಮೇಲೆ ಅದರ ಕೀಲಿನ ಸುತ್ತ ಕಿಲುಬು ಕಂಡರೆ ಅಥವಾ ಘಾಟು ಬಂದರೆ ಅದನ್ನೂ ಬಿಚ್ಚಿ ಹೊಸ ಹಿಡಿ ಹಾಕುವುದಕ್ಕೆ ಮಗ ಒಪ್ಪಿಗೆ ಕೊಟ್ಟಿದ್ದಾರೆ. ಅಕ್ರಿಲಿಕ್ ಬೇಡ, ಕೊಂಬಿನದೇ ಆಗಬೇಕು ಎಂಬ ಒಂದೇ ಶರತ್ತಿನ ಮೇಲೆ.